ಸಾವಿರ ಎಲೆಯ ಹಟ, ಆರು ಲಕ್ಷದ ಮಿತಿ

ಪ್ರಶ್ನೆ: ನನಗೆ 28 ವರ್ಷ, ಬೆಂಗಳೂರಿನಲ್ಲಿ ಕೆಲಸ. ಬರುವ ವೈಶಾಖದಲ್ಲಿ ಹಾಸನದ ಕಲ್ಯಾಣಮಂಟಪವೊಂದರಲ್ಲಿ ನನ್ನ ಮದುವೆ. ಹಿಂದಿನ ಸಂಜೆ ಆರತಕ್ಷತೆ, ಮರುದಿನ ಮುಹೂರ್ತ. ಎರಡೂ ಹೊತ್ತಿನ ಊಟ ನಮ್ಮದೇ ಎಂದು ಮಾತಾಗಿದೆ. ಊಟದ ಬಾಬ್ತಿಗೆ ನಾನೂ ಅಪ್ಪನೂ ಸೇರಿ ಆರು ಲಕ್ಷ ಎತ್ತಿಟ್ಟಿದ್ದೇವೆ. ಅಪ್ಪ ನಿವೃತ್ತ ಮೇಷ್ಟ್ರು. 350 ಕಾರ್ಡು ಹಂಚಬೇಕು, ರಾತ್ರಿ ಸಾವಿರ, ಮಧ್ಯಾಹ್ನ ಸಾವಿರ ಜನಕ್ಕೆ ಹೇಳಬೇಕು ಎನ್ನುತ್ತಾರೆ. ಕೇಟರಿಂಗ್‌ನವರು ಆರತಕ್ಷತೆಗೆ ತಲೆಗೆ 450, ಬೆಳಗಿನ ತಿಂಡಿಗೆ 130, ಮುಹೂರ್ತದ ಊಟಕ್ಕೆ ಎಲೆಗೆ 420 ಹೇಳಿದ್ದಾರೆ. ತಿಂಡಿಗೆ 400 ಜನ ಎಂದು ಅಪ್ಪನ ಲೆಕ್ಕ. ಮಂಟಪದ ಊಟದ ಹಾಲಿನಲ್ಲಿ 200 ಜನ ಕೂರಬಹುದು. ಬೀಗರ ಕಡೆಯಿಂದ ಚಾಟ್ಸ್ ಮತ್ತು ಐಸ್‌ಕ್ರೀಮ್ ಕೌಂಟರ್ ಇದ್ದರೆ ಚೆನ್ನ ಎಂಬ ಮಾತು ಬಂದಿದೆ. ಸಾಮಾನು ನಾವೇ ತಂದು ಅಡುಗೆ ಭಟ್ಟರನ್ನು ಇಟ್ಟುಕೊಂಡರೆ ಅರ್ಧ ದುಡ್ಡಿಗೆ ಮುಗಿಯುತ್ತದೆ ಎಂದು ಚಿಕ್ಕಪ್ಪ ಹೇಳುತ್ತಾರೆ. ದುಡ್ಡು ಸಾಲದು ಎಂದದ್ದಕ್ಕೆ ಅಪ್ಪ, ಅಮ್ಮನ ಬಳೆ ಅಡ ಇಡುವ ಮಾತಾಡಿದರು. ‘ಅಣ್ಣನ ಮದುವೆಗೆ ಆಗಿದ್ದು ನಿನ್ನ ಮದುವೆಗೆ ಯಾಕೆ ಆಗಬಾರದು’ ಎಂದವರು ಈಗ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ಅಪ್ಪನಿಗೆ ನೋವಾಗದ ಹಾಗೆ ಇದನ್ನು ಹೇಗೆ ನಿಭಾಯಿಸಲಿ?
— ಹೆಸರು ಬೇಡ, ಹಾಸನ

ಉತ್ತರ: ಬಳೆ ಅಡ ಇಡಬೇಕಾಗಿಲ್ಲ. ಅಪ್ಪನ ಊಟದ ಪಟ್ಟಿಯಿಂದ ಒಂದು ಪದಾರ್ಥವನ್ನೂ ತೆಗೆಯಬೇಕಾಗಿಲ್ಲ. ನಿಮ್ಮ ಲೆಕ್ಕ ತಪ್ಪಿರುವುದು ಎಲೆಯ ಸಂಖ್ಯೆಯಲ್ಲಿ. ಅದನ್ನು ಸರಿ ಮಾಡಿದರೆ ಇದೇ ದರದಲ್ಲಿ, ಇದೇ ಊಟ ಆರು ಲಕ್ಷದೊಳಗೆ ಬರುತ್ತದೆ.

ಮೊದಲು ಅಪ್ಪನ ಲೆಕ್ಕವನ್ನೇ ಹಾಕೋಣ. ಆರತಕ್ಷತೆಗೆ ಸಾವಿರ ಜನ ಎಂದರೆ 4,50,000. ತಿಂಡಿಗೆ 400 ಜನ, 52,000. ಮುಹೂರ್ತಕ್ಕೆ ಸಾವಿರ ಎಲೆ, 4,20,000. ಒಟ್ಟು 9,22,000. ಹೊರಗಿನ ಕೇಟರಿಂಗ್ ಸೇವೆಗೆ 5% ಜಿಎಸ್‌ಟಿ ಸೇರಿಸಿದರೆ 9,68,100. ಕೈಯಲ್ಲಿರುವ ಹಣಕ್ಕಿಂತ ಮೂರು ಲಕ್ಷ 68 ಸಾವಿರ ಹೆಚ್ಚು. ನಿಮಗೆ ದಿಗಿಲಾದದ್ದು ಸಹಜ.

ಈಗ ಆ ಸಾವಿರ ಎಲ್ಲಿಂದ ಬಂತು ನೋಡಿ. 350 ಕಾರ್ಡು, ಮನೆಗೆ ಮೂವರು, ಅಲ್ಲಿಗೆ ಸಾವಿರದ ಮೇಲೆ. ಇಲ್ಲಿ ಎರಡು ತಪ್ಪುಗಳಿವೆ. ಕಾರ್ಡು ಹೋದ ಮನೆಯಿಂದೆಲ್ಲ ಮೂವರು ಬರುವುದಿಲ್ಲ. ಅದಕ್ಕಿಂತ ದೊಡ್ಡ ತಪ್ಪು ಎಂದರೆ, ರಾತ್ರಿ ಬಂದು ಅಕ್ಷತೆ ಹಾಕಿ ಉಂಡು ಹೋದ ಸಹೋದ್ಯೋಗಿಯನ್ನು ಮರುದಿನ ಮಧ್ಯಾಹ್ನದ ಎಲೆಗೂ ಎಣಿಸಿದ್ದೀರಿ. ಹತ್ತಿರದ ನೆಂಟರನ್ನು ಬಿಟ್ಟರೆ ಎರಡೂ ಹೊತ್ತು ಉಣ್ಣುವವರು ತೀರಾ ಕಡಿಮೆ.

ಇದನ್ನು ಅಪ್ಪನಿಗೆ ಬಾಯಿಮಾತಿನಲ್ಲಿ ಹೇಳಿದರೆ ವಾದವಾಗುತ್ತದೆ. ಅಣ್ಣನ ಮದುವೆಯ ಮುಯ್ಯಿ ಪುಸ್ತಕ ಮನೆಯಲ್ಲಿ ಇದ್ದೇ ಇರುತ್ತದೆ, ಅದನ್ನು ತೆಗೆಯಿರಿ. ಯಾವ ಮನೆಯಿಂದ ಬಂದಿದ್ದರು, ಯಾವ ಮನೆಯಿಂದ ಮುಯ್ಯಿ ಮಾತ್ರ ಯಾರದೋ ಕೈಯಲ್ಲಿ ಬಂತು, ಯಾರ ಹೆಸರೇ ಇಲ್ಲ ಎಂಬುದು ಅದರಲ್ಲಿ ಅಪ್ಪನ ಅಕ್ಷರದಲ್ಲೇ ಇರುತ್ತದೆ. ಅದನ್ನೂ ಕಾರ್ಡಿನ ಪಟ್ಟಿಯನ್ನೂ ಎದುರಿಗಿಟ್ಟುಕೊಂಡು, ‘ಅಪ್ಪಾ, ಅಡುಗೆಯವರಿಗೆ ಎಷ್ಟು ಎಲೆ ಅಂತ ಹೇಳಬೇಕು, ನೀವು ಹೇಳ್ತಾ ಹೋಗಿ, ನಾನು ಬರ್ಕೋತೀನಿ’ ಎಂದು ಕೂರಿ. ‘ಕಡಿಮೆ ಮಾಡೋಣ’ ಎಂಬ ಮಾತು ಎತ್ತಬೇಡಿ. ಯಾವ ಊರಿನ ಯಾರು ಎಷ್ಟು ಹೊತ್ತಿಗೆ ಬರುತ್ತಾರೆ ಎಂಬುದು ನಿಮಗಿಂತ ಅವರಿಗೆ ಚೆನ್ನಾಗಿ ಗೊತ್ತು. ಆ ತಿಳಿವಳಿಕೆ ಪಟ್ಟಿಗೆ ಬರಬೇಕು.

ಮನೆಗಳನ್ನು ಮೂರು ಗುಂಪು ಮಾಡಿ. ಒಂದು, ಹತ್ತಿರದ ನೆಂಟರು: ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ, ಅತ್ತೆ, ಅವರ ಮಕ್ಕಳು. ಇವರನ್ನು ಮನೆ ಲೆಕ್ಕದಲ್ಲಿ ಎಣಿಸಬೇಡಿ, ಹೆಸರು ಹಿಡಿದು ಎಣಿಸಿ. ಎರಡು, ಊರಿನವರು, ಅಕ್ಕಪಕ್ಕದವರು, ಅಪ್ಪನ ಶಾಲೆಯವರು, ನಿಮ್ಮ ಆಫೀಸಿನವರು. ಇವರಿಗೆ ಮನೆಗೆ ಇಬ್ಬರಂತೆ ಹಾಕಿ, ಆದರೆ ಒಂದೇ ಹೊತ್ತಿಗೆ. ಹಳ್ಳಿಯವರು ಬೆಳಗಿನ ಬಸ್ಸಿಗೆ ಮುಹೂರ್ತಕ್ಕೇ ಬರುತ್ತಾರೆ, ಕೆಲಸಕ್ಕೆ ಹೋಗುವ ಪೇಟೆಯವರು ಸಂಜೆ ಬರುತ್ತಾರೆ. ಮೂರು, ಕಾರ್ಡು ಕೊಡದಿದ್ದರೆ ತಪ್ಪಾಗುತ್ತದೆ, ಆದರೆ ಬರುವುದು ಖಾತ್ರಿ ಇಲ್ಲ ಎನ್ನುವವರು. ಇವರಲ್ಲಿ ಮೂರರಲ್ಲಿ ಒಂದು ಮನೆಯಿಂದ ಒಬ್ಬಿಬ್ಬರು ಬಂದರೆ ಹೆಚ್ಚು.

ನಿಮ್ಮ 350 ಮನೆಗಳಲ್ಲಿ ಮೊದಲ ಗುಂಪು 60, ಎರಡನೆಯದು 140, ಮೂರನೆಯದು 150 ಎಂದಿಟ್ಟುಕೊಳ್ಳೋಣ. ನಿಮ್ಮ ಪಟ್ಟಿ ಆದ ಮೇಲೆ ನಿಮ್ಮದೇ ಅಂಕಿ ಹಾಕಿಕೊಳ್ಳಿ. ನೆಂಟರು 200 ತಲೆ, ಅವರಲ್ಲಿ 170 ಜನ ಹಿಂದಿನ ರಾತ್ರಿಯೇ ಬಂದಿರುತ್ತಾರೆ. ಎರಡನೆಯ ಗುಂಪಿನ 280ರಲ್ಲಿ ರಾತ್ರಿ 120, ಮಧ್ಯಾಹ್ನ 160. ಮೂರನೆಯದರಲ್ಲಿ 75 ಜನ, ರಾತ್ರಿ 55, ಮಧ್ಯಾಹ್ನ 20. ಗಂಡಿನ ಕಡೆಯವರು ರಾತ್ರಿ 250, ಮಧ್ಯಾಹ್ನ 150. ಕೂಡಿದರೆ ಆರತಕ್ಷತೆಗೆ 595, ಮುಹೂರ್ತಕ್ಕೆ 530. ತಿಂಡಿ ಬೇಕಾಗುವುದು ಮಂಟಪದಲ್ಲೂ ಲಾಡ್ಜಿನಲ್ಲೂ ಉಳಿದವರಿಗೆ ಮತ್ತು ಧಾರೆಗೆ ಬೇಗ ಬರುವವರಿಗೆ, 300 ಸಾಕು.

ಆರತಕ್ಷತೆಗೆ 600 ಎಂದು ಹಿಡಿದರೆ 2,70,000. ಮುಹೂರ್ತದ 530 ಎಲೆಗೆ 2,22,600. ತಿಂಡಿಗೆ 39,000. ಜಿಎಸ್‌ಟಿ 26,580 ಸೇರಿ ಒಟ್ಟು 5,58,180. ಇನ್ನೂ 41,820 ರೂಪಾಯಿ ಕೈಯಲ್ಲಿ ಉಳಿಯುತ್ತದೆ. ಅದರಲ್ಲಿ ಸುಮಾರು 16,000ವನ್ನು ಈಗಲೇ ಬೇರೆ ಇಡಿ. ವಾಲಗದವರು, ಫೋಟೋ–ವಿಡಿಯೋದವರು, ಡೆಕೊರೇಷನ್‌ನವರು, ಬಸ್ಸು–ಕಾರಿನ ಡ್ರೈವರ್‌ಗಳು, ಮಂಟಪದ ಕೆಲಸದವರು ಸೇರಿ 35 ಜನ ಎರಡು ಹೊತ್ತು ಉಣ್ಣುತ್ತಾರೆ. ಈ ಎಲೆಗಳನ್ನು ಯಾರೂ ಎಣಿಸಿರುವುದಿಲ್ಲ, ಬಿಲ್ಲಿನಲ್ಲಿ ಮಾತ್ರ ಬರುತ್ತವೆ. ಇವರಿಗೆ ಅರ್ಧ ದರ ಎಂದು ಮೊದಲೇ ಮಾತಾಡಿದರೆ ಹೆಚ್ಚಿನ ಕೇಟರಿಂಗ್‌ನವರು ಒಪ್ಪುತ್ತಾರೆ.

ಅಪ್ಪನ ಮನಸ್ಸಿನಲ್ಲಿರುವುದು ಬಹುಶಃ ಇನ್ನೊಂದು ಭಯ. ‘ಊಟ ಮುಗಿದುಹೋಯಿತು’ ಎಂಬ ಮಾತು ಮಗಳ ಮದುವೆಯಲ್ಲಿ ಬರಬಾರದು. ಈ ಭಯವನ್ನು ಹಗುರವಾಗಿ ಕಾಣಬೇಡಿ. ಊರವರ ಮನೆಯಲ್ಲೆಲ್ಲ ಉಂಡು ಬಂದ ಮನುಷ್ಯನಿಗೆ ಅದು ನಿಜವಾದ ಋಣ. ಆದರೆ ಸಾವಿರ ಎಲೆಗೆ ಹೇಳುವುದು ಅದಕ್ಕೆ ಪರಿಹಾರವಲ್ಲ. ಪರಿಹಾರ ಇರುವುದು ಗ್ಯಾರಂಟಿ ಸಂಖ್ಯೆಯಲ್ಲಿ ಮತ್ತು ಉಗ್ರಾಣದಲ್ಲಿ.

ಗ್ಯಾರಂಟಿ ಎಂದರೆ ಜನ ಬರದಿದ್ದರೂ ನೀವು ದುಡ್ಡು ಕೊಡಲೇಬೇಕಾದ ಸಂಖ್ಯೆ. ನಿಮ್ಮ ಅಂದಾಜಿನ 85–90 ಪ್ರತಿಶತಕ್ಕೆ ಮಾತ್ರ ಗ್ಯಾರಂಟಿ ಕೊಡಿ: ರಾತ್ರಿಗೆ 525, ಮಧ್ಯಾಹ್ನಕ್ಕೆ 475. ಅಡುಗೆ ಮಾತ್ರ ಪೂರ್ತಿ ಅಂದಾಜಿಗೆ ಆಗಬೇಕು, ಅದರ ಮೇಲೆ 10% ಹೆಚ್ಚಿಗೆ ಜನ ಬಂದರೂ ಅದೇ ದರಕ್ಕೆ ಬಡಿಸಬೇಕು ಎಂದು ಬರೆಸಿಕೊಳ್ಳಿ. ಗ್ಯಾರಂಟಿಯನ್ನೇ 600 ಎಂದು ಹೇಳಿಬಿಟ್ಟರೆ, ಮಳೆ ಬಂದು 480 ಜನ ಬಂದರೂ 600ರ ದುಡ್ಡು ಎಣಿಸಬೇಕು. ಮದುವೆಗೆ ವಾರ–ಹತ್ತು ದಿನ ಇರುವಾಗ ಕೊನೆಯ ಸಂಖ್ಯೆ ತಿಳಿಸುತ್ತೇವೆ ಎಂಬ ಷರತ್ತೂ ಇರಲಿ.

ಅದಕ್ಕೂ ಮೀರಿ ಜನ ಬಂದರೆ? ಪಂಕ್ತಿ ನಡೆಯುತ್ತಿರುವಾಗ ಒಬ್ಬಟ್ಟು ಮಾಡಲಾಗುವುದಿಲ್ಲ, ಆದರೆ ಅನ್ನ–ಸಾರು ಮುಕ್ಕಾಲು ಗಂಟೆಯಲ್ಲಿ ಆಗುತ್ತದೆ. 15 ಕೆಜಿ ಅಕ್ಕಿ, 4 ಕೆಜಿ ತೊಗರಿಬೇಳೆ, ಒಂದಿಷ್ಟು ಟೊಮ್ಯಾಟೊ ಉಗ್ರಾಣದಲ್ಲಿ ಬೇರೆ ಇಟ್ಟಿರಿ, ಒಂದು ಒಲೆ ಖಾಲಿ ಇರಲಿ. 150 ಜನಕ್ಕೆ ಆಧಾರವಾಯಿತು. ಸಿಹಿಗೆ 150 ಬೂಂದಿ ಲಾಡು ಹೆಚ್ಚಿಗೆ ಮಾಡಿಸಿಡಿ. ನಾಲ್ಕು ದಿನ ಕೆಡುವುದಿಲ್ಲ, ಉಳಿದರೆ ತಾಂಬೂಲದ ಜೊತೆ ಮನೆಮನೆಗೆ ಕೊಡಬಹುದು. ಈ ವ್ಯವಸ್ಥೆಯನ್ನು ಅಪ್ಪನ ಕೈಗೇ ಒಪ್ಪಿಸಿ. ಎಲೆಯ ಸಂಖ್ಯೆ ಇಳಿಸಲು ಅವರಿಗೆ ಧೈರ್ಯ ಬರುವುದು ಇದರಿಂದಲೇ.

ಇನ್ನೊಂದು ಲೆಕ್ಕವನ್ನೂ ಅವರ ಮುಂದಿಡಿ. ಹಾಲಿನಲ್ಲಿ 200 ಜನ ಕೂರಬಹುದು. ಎಲೆ ಹಾಸಿ, ಬಡಿಸಿ, ಉಂಡು ಎದ್ದು, ಎಲೆ ತೆಗೆದು ಟೇಬಲ್ ಒರೆಸಿ ಮುಂದಿನ ಪಂಕ್ತಿ ಕೂರುವ ಹೊತ್ತಿಗೆ 40–45 ನಿಮಿಷ ಹಿಡಿಯುತ್ತದೆ. ಹನ್ನೆರಡೂವರೆಗೆ ಶುರುವಾದರೆ ಮೂರೂವರೆಯೊಳಗೆ ನಾಲ್ಕು ಪಂಕ್ತಿ, ಅಂದರೆ 800 ಎಲೆ. ಸಾವಿರ ಜನ ನಿಜವಾಗಿ ಬಂದರೆ ಐದನೆಯ ಪಂಕ್ತಿ ಏಳುವಾಗ ನಾಲ್ಕೂಕಾಲು. ಹಳ್ಳಿಯಿಂದ ಬಂದ ವಯಸ್ಸಾದವರು ಅಲ್ಲಿಯವರೆಗೆ ಕುರ್ಚಿಯ ಹಿಂದೆ ನಿಂತು ಕಾಯಬೇಕು. 530 ಜನ ಮೂರು ಪಂಕ್ತಿಯಲ್ಲಿ ಎರಡೂಮುಕ್ಕಾಲಿಗೆ ಸಮಾಧಾನವಾಗಿ ಉಂಡು ಏಳುತ್ತಾರೆ.

ಬಡಿಸುವವರ ಸಂಖ್ಯೆ ಕೇಳುವುದನ್ನು ಮರೆಯಬೇಡಿ. ಹೆಚ್ಚಿನವರು ದರ ಕೇಳುತ್ತಾರೆ, ಇದನ್ನು ಕೇಳುವುದಿಲ್ಲ, ಊಟ ಕೆಡುವುದು ಇಲ್ಲೇ. 20 ಎಲೆಗೆ ಒಬ್ಬರಂತೆ 200ರ ಪಂಕ್ತಿಗೆ ಕನಿಷ್ಠ 10 ಜನ ಬೇಕು. 20ಕ್ಕಿಂತ ಹೆಚ್ಚು ಪದಾರ್ಥ ಇದ್ದರೆ 14–15. ಜನ ಕಡಿಮೆಯಾದಾಗ ಒಂದು ತುದಿಯಲ್ಲಿ ಮಜ್ಜಿಗೆ ಬಂದಿರುತ್ತದೆ, ಇನ್ನೊಂದು ತುದಿಗೆ ಹುಳಿ ಬಂದಿರುವುದಿಲ್ಲ. ಅವಸರದಲ್ಲಿ ಒಂದೇ ಸಲಕ್ಕೆ ಎರಡು ಸಟ್ಟುಗ ಹಾಕಿ ಹೋಗುತ್ತಾರೆ, ಎಲೆಯಲ್ಲಿ ಅನ್ನ ಉಳಿಯುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ತಂಡವೊಂದು 75 ಕಲ್ಯಾಣಮಂಟಪಗಳಲ್ಲಿ ಸಮೀಕ್ಷೆ ನಡೆಸಿ, ಆ ನಗರದ ಮದುವೆಗಳಲ್ಲೇ ವರ್ಷಕ್ಕೆ ಸುಮಾರು 943 ಟನ್ ಆಹಾರ ವ್ಯರ್ಥವಾಗುತ್ತದೆ ಎಂದು ಅಂದಾಜಿಸಿತ್ತು. ಸ್ವಲ್ಪ ಬಡಿಸಿ, ಮತ್ತೆ ಕೇಳಿ ಬಡಿಸಲು ಕೈ ಬೇಕು. ಆ ಕೈಗಳಿಗೆ ಕೊಡುವ ಕೂಲಿ ದಂಡವಲ್ಲ.

ಊಟದ ಪಟ್ಟಿ ಮುಟ್ಟಬೇಡಿ ಎಂದದ್ದಕ್ಕೂ ಕಾರಣವಿದೆ. ಜನ ದುಡ್ಡು ಉಳಿಸಲು ಹೊರಟಾಗ ಮೊದಲು ಕೈ ಹಾಕುವುದು ಕೋಸಂಬರಿ, ಗೊಜ್ಜು, ಹಪ್ಪಳಕ್ಕೆ. ನೂರು ಎಲೆಯ ಕೋಸಂಬರಿಗೆ ಒಂದು ಕೆಜಿ ಹೆಸರುಬೇಳೆ, ಸೌತೆಕಾಯಿ, ಎರಡು ತೆಂಗಿನಕಾಯಿ ಸಾಕು. ತೆಗೆದುಹಾಕಿದರೆ ಎಲೆಗೆ ಎರಡು–ಮೂರು ರೂಪಾಯಿ ಉಳಿಯಬಹುದು, ಎಲೆಯ ತುದಿ ಮಾತ್ರ ಬರಿದಾಗಿ ಕಾಣುತ್ತದೆ. ದುಡ್ಡು ತಿನ್ನುವುದು ಎರಡನೆಯ, ಮೂರನೆಯ ಸಿಹಿ, ಪನ್ನೀರಿನ ಪಲ್ಯ, ಬಾದಾಮಿ ಹಾಲು, ಕೌಂಟರ್‌ಗಳು. ಕಡಿಮೆ ಮಾಡಲೇಬೇಕಾದ ಸಂದರ್ಭ ಬಂದರೆ ಅಲ್ಲಿ ಕೈ ಹಾಕಿ. ಆರತಕ್ಷತೆಯ ಪಟ್ಟಿಯಲ್ಲಿ ಗೋಬಿ ಮಂಚೂರಿ ಇದ್ದರೆ ಅದನ್ನು ಬಿಡುವುದೇ ಒಳ್ಳೆಯದು. ಕರಿದ ಇಪ್ಪತ್ತು ನಿಮಿಷಕ್ಕೆ ಮೆತ್ತಗಾಗುತ್ತದೆ. ಜೊತೆಗೆ, ಅದಕ್ಕೆ ಕೃತಕ ಬಣ್ಣ ಬಳಸುವುದನ್ನು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲೇ ನಿಷೇಧಿಸಿದೆ. ಅದರ ಜಾಗಕ್ಕೆ ಬಿಸಿ ಆಂಬೊಡೆಯೋ ಮೆಣಸಿನಕಾಯಿ ಬಜ್ಜಿಯೋ ಇರಲಿ. ವೈಶಾಖದ ಸೆಕೆಯಲ್ಲಿ ಬೀನ್ಸ್, ನಿಂಬೆಹಣ್ಣಿನ ಬೆಲೆ ಏರುವುದು ಸಾಮಾನ್ಯ. ಪಲ್ಯಕ್ಕೆ ಬೀನ್ಸ್ ಎಂದು ಪಟ್ಟು ಹಿಡಿಯದೆ ‘ಆ ವಾರ ಚೆನ್ನಾಗಿ ಸಿಗುವ ತರಕಾರಿ’ ಎಂದು ಬಿಟ್ಟರೆ ದರದಲ್ಲಿ ಮಾತಾಡಲು ಅವಕಾಶ ಸಿಗುತ್ತದೆ. ಅದೇ ಸೆಕೆಗೆ ತೆಂಗಿನಕಾಯಿ ಚಟ್ನಿ ಬೆಳಗಿನ ಜಾವ ಐದಕ್ಕೆ ರುಬ್ಬಿದ್ದು ಒಂಬತ್ತಕ್ಕೆ ಹುಳಿ ವಾಸನೆ ಬರುತ್ತದೆ. ಎರಡು ಕಂತಿನಲ್ಲಿ ರುಬ್ಬಲು ಹೇಳಿ.

ಚಿಕ್ಕಪ್ಪನ ಮಾತಿಗೆ ಬರೋಣ. ಸಾಮಾನು ನಮ್ಮದು, ಕೆಲಸ ಭಟ್ಟರದು ಎಂಬ ಪದ್ಧತಿಯಲ್ಲಿ ಉಳಿತಾಯ ಇದೆ, ಆದರೆ ಅರ್ಧದಷ್ಟಲ್ಲ. ಭಟ್ಟರ ಕೂಲಿ, ಬಡಿಸುವವರು, ಪಾತ್ರೆ ತೊಳೆಯುವವರು, ಪಾತ್ರೆ ಬಾಡಿಗೆ, 19 ಕೆಜಿಯ ವಾಣಿಜ್ಯ ಸಿಲಿಂಡರ್‌ಗಳು, ಎಲೆ, ಸಾಗಣೆ ಎಲ್ಲ ಬೇರೆ ಬೇರೆ ಕೂಡುತ್ತವೆ. ಭಟ್ಟರು ಕೊಡುವ ಸಾಮಾನಿನ ಪಟ್ಟಿ ಕೈ ಸಡಿಲ ಮಾಡಿಯೇ ಬರೆದದ್ದಾಗಿರುತ್ತದೆ, ಸಾಲದೆ ಬಂದರೆ ಹೆಸರು ಕೆಡುವುದು ಅವರದೇ ತಾನೆ. ತಾಳೆ ನೋಡಲು ನೂರು ಎಲೆಯ ಮುಹೂರ್ತದೂಟಕ್ಕೆ ಈ ಅಳತೆ ಇಟ್ಟುಕೊಳ್ಳಿ: ಬಾತು ಸೇರಿ ಅಕ್ಕಿ 10 ಕೆಜಿ, ತೊವ್ವೆ–ಹುಳಿ–ಸಾರಿಗೆ ತೊಗರಿಬೇಳೆ 3ರಿಂದ 3.5 ಕೆಜಿ, ಒಂದೊಂದು ಪಲ್ಯಕ್ಕೆ ಹಸಿ ತರಕಾರಿ 5–6 ಕೆಜಿ, ಎಲೆಗೆ ಬಡಿಸುವ ತುಪ್ಪ ಮುಕ್ಕಾಲು ಕೆಜಿ, ತೆಂಗಿನಕಾಯಿ 20ರ ಆಸುಪಾಸು, ಮೊಸರು 7–8 ಲೀಟರ್, ಒಬ್ಬಟ್ಟು 120ರಿಂದ 125. ಪಟ್ಟಿಯಲ್ಲಿ ಇದಕ್ಕಿಂತ ಕಾಲುಭಾಗ ಹೆಚ್ಚಿದ್ದರೆ ಏಕೆಂದು ಕೇಳಬಹುದು.

ಆದರೆ ಈ ಪದ್ಧತಿ ಗೆಲ್ಲುವುದು ಉಗ್ರಾಣದ ಬಾಗಿಲಲ್ಲಿ ಎರಡು ದಿನ ಕೂತು, ಅಳೆದು ಕೊಟ್ಟು, ಬರೆದಿಡುವ ಒಬ್ಬರು ಇದ್ದರೆ ಮಾತ್ರ. ಚಿಕ್ಕಪ್ಪ ಧಾರೆಯ ಹೊತ್ತಿನಲ್ಲೂ ಉಗ್ರಾಣ ಬಿಟ್ಟು ಬರುವುದಿಲ್ಲ ಎಂದು ಒಪ್ಪುವುದಾದರೆ ಯೋಚಿಸಿ. ಇಲ್ಲದಿದ್ದರೆ ಎಲೆ ಲೆಕ್ಕದ ಕಾಂಟ್ರ್ಯಾಕ್ಟೇ ನಿಮಗೆ ಕ್ಷೇಮ. ಚಪ್ಪರದ ದಿನ ಮನೆಯಲ್ಲಿ 50–60 ಜನಕ್ಕೆ ಆಗಬೇಕಾದ ಅಡುಗೆಯನ್ನು ಬೇಕಾದರೆ ಅವರ ಉಸ್ತುವಾರಿಗೆ ಬಿಡಿ. ದೊಡ್ಡ ಖರ್ಚಲ್ಲ, ಅವರ ಮಾತಿಗೂ ಬೆಲೆ ಕೊಟ್ಟಂತಾಗುತ್ತದೆ.

ಬೀಗರ ಕೌಂಟರ್‌ಗಳ ವಿಷಯವನ್ನು ನಿಮ್ಮಪ್ಪ ಬೀಗರ ಜೊತೆ ಆಡುವುದು ಬೇಡ, ನೀವೂ ನೇರವಾಗಿ ಅತ್ತೆ–ಮಾವನವರಿಗೆ ಹೇಳುವುದು ಬೇಡ. ಮದುವೆಯಾಗುವ ಹುಡುಗನಿಗೆ ಆರು ಲಕ್ಷದ ಲೆಕ್ಕ ಪೂರ್ತಿ ತೋರಿಸಿ. ಅವರ ಮನೆಯಲ್ಲಿ ಅವರೇ ಹೇಳಲಿ. ‘ಕೌಂಟರ್ ಎರಡೂ ನಮ್ಮ ಕಡೆಯಿಂದ ಇರಲಿ’ ಎಂದು ಅವರಪ್ಪನ ಬಾಯಲ್ಲಿ ಬಂದರೆ ಎಲ್ಲರಿಗೂ ಗೌರವ. ಅದು ಆಗದಿದ್ದರೆ ಚಾಟ್ಸ್ ಅನ್ನು 600 ತಲೆಗೆ ಒಪ್ಪಿಕೊಳ್ಳದೆ 150 ಪ್ಲೇಟ್ ಎಂದು ಗೊತ್ತು ಮಾಡಿ. ಐಸ್‌ಕ್ರೀಮ್ ಮುಚ್ಚಿದ ಕಪ್ಪಿನಲ್ಲೇ ಬರಲಿ, ಒಡೆಯದ ಕಪ್ಪುಗಳನ್ನು ವಾಪಸು ತೆಗೆದುಕೊಳ್ಳಬೇಕು. ಇದರ ಜೊತೆಗೇ ಹುಡುಗನಿಂದ ಇನ್ನೊಂದು ಕೆಲಸ ಆಗಬೇಕು: ಅವರ ಕಡೆಯಿಂದ ರಾತ್ರಿ ಎಷ್ಟು ಜನ, ಬೆಳಗ್ಗೆ ಎಷ್ಟು ಜನ, ಎಷ್ಟು ಬಸ್ಸು. ‘ಒಂದಿನ್ನೂರು ಮುನ್ನೂರು ಆಗಬಹುದು’ ಎಂಬ ಉತ್ತರದಲ್ಲಿ ನೂರು ಎಲೆಯ, ಅಂದರೆ 45,000 ರೂಪಾಯಿಯ ವ್ಯತ್ಯಾಸ ಇದೆ.

ಕೇಟರಿಂಗ್‌ನವರ ಜೊತೆ ಮಾತು ಮುಗಿಸುವ ಮೊದಲು ಕಾಗದದ ಮೇಲೆ ಇವು ಬರಲೇಬೇಕು: ಎಲೆಗೆ ಹೇಳಿದ ದರದಲ್ಲಿ ನೀರು, ಬಾಳೆಎಲೆ, ಬೀಡ, ಗ್ಯಾಸ್, ಪಾತ್ರೆ, ಸಾಗಣೆ ಸೇರಿದೆಯೋ ಇಲ್ಲವೋ, ಜಿಎಸ್‌ಟಿ ಒಳಗೋ ಹೊರಗೋ, ಐದು ವರ್ಷದೊಳಗಿನ ಮಕ್ಕಳಿಗೆ ದರ ಇಲ್ಲ, ಹತ್ತರೊಳಗಿನವರಿಗೆ ಅರ್ಧ, ಗ್ಯಾರಂಟಿ ಸಂಖ್ಯೆ, ಬಡಿಸುವವರ ಸಂಖ್ಯೆ. ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ನೋಂದಣಿ ಸಂಖ್ಯೆ ಕೇಳಿ ಬರೆದುಕೊಳ್ಳಿ. ಮಂಟಪದವರನ್ನೂ ಒಂದು ಮಾತು ಕೇಳಿ: ಹೊರಗಿನ ಅಡುಗೆಯವರು ಬಂದರೆ ಏನಾದರೂ ಶುಲ್ಕ ಇದೆಯೇ, ಕ್ಲೀನಿಂಗ್, ಕರೆಂಟು, ಜನರೇಟರ್ ಡೀಸೆಲ್ ಯಾರದು. ಹಣವನ್ನು ಮುಂಗಡ 10%, ವಾರ ಮೊದಲು 40%, ಉಳಿದದ್ದು ಎಲೆ ಲೆಕ್ಕ ಕೂಡಿದ ಮೇಲೆ ಎಂದು ಒಪ್ಪಿಸಿ. ಪೂರ್ತಿ ದುಡ್ಡು ಮೊದಲೇ ಕೊಟ್ಟರೆ, ಲೆಕ್ಕದಲ್ಲಿ ವ್ಯತ್ಯಾಸ ಬಂದಾಗ ನಿಮ್ಮ ಮಾತಿಗೆ ಬಲ ಇರುವುದಿಲ್ಲ.

ಎಲೆ ಎಣಿಸುವ ಕೆಲಸ ಇಬ್ಬರಿಗೆ ವಹಿಸಿ, ನಂಬಿಕಸ್ಥ ಸೋದರಸಂಬಂಧಿ ಒಬ್ಬರು, ಕೇಟರಿಂಗ್‌ನವರ ಕಡೆಯವರೊಬ್ಬರು. ಪಂಕ್ತಿ ಕೂತ ತಕ್ಷಣ ಖಾಲಿ ಜಾಗ ಎಣಿಸಿ 200ರಿಂದ ಕಳೆದು, ಇಬ್ಬರೂ ಒಂದೇ ಪುಸ್ತಕದಲ್ಲಿ ಸಹಿ ಹಾಕಲಿ. ಹಾಸಿದ ಎಲೆಯೆಲ್ಲ ಉಂಡ ಎಲೆ ಎಂದು ಲೆಕ್ಕವಾಗುವುದು ಕೊನೆಯ ಪಂಕ್ತಿಯಲ್ಲಿ. 130 ಜನ ಕೂತಿದ್ದರೂ 200 ಬರೆಯುತ್ತಾರೆ, ಅಲ್ಲೇ 29,400 ರೂಪಾಯಿ ಹೋಗುತ್ತದೆ. ರಾತ್ರಿಯ ಬಫೆಯಲ್ಲಿ ತಟ್ಟೆ ತೊಳೆದು ಮತ್ತೆ ಬರುವುದರಿಂದ ತಂದ ತಟ್ಟೆಗಳ ಲೆಕ್ಕ ಉಪಯೋಗಕ್ಕೆ ಬಾರದು. ತಟ್ಟೆ ತೆಗೆದುಕೊಳ್ಳುವ ಜಾಗದಲ್ಲಿ ಒಬ್ಬರು ಕೈಯಲ್ಲಿ ಒತ್ತುವ ಎಣಿಕೆ ಯಂತ್ರ ಹಿಡಿದು ನಿಲ್ಲಲಿ.

ಈ ಎಲ್ಲಕ್ಕಿಂತ ಮೊದಲು ಆಗಬೇಕಾದದ್ದು ಅಪ್ಪನ ಜೊತೆ ಆ ಪುಸ್ತಕ ಹಿಡಿದು ಕೂರುವುದು. ಅಮ್ಮನೂ ಜೊತೆಗಿರಲಿ. ಹೆಂಗಸರ ಕಡೆಯ ನೆಂಟರಲ್ಲಿ ಯಾರು ಬಸುರಿ, ಬಾಣಂತಿ, ಯಾರ ಮನೆಯಲ್ಲಿ ಸೂತಕ ಎಂಬುದೆಲ್ಲ ಅವರಿಗೇ ಗೊತ್ತಿರುತ್ತದೆ. ಪಟ್ಟಿ ಮುಗಿಯುವಾಗ ಅಪ್ಪ ಇನ್ನೂ 50 ಹೆಸರು ಸೇರಿಸುತ್ತಾರೆ. ಸುಮ್ಮನೆ ಒಪ್ಪಿಕೊಳ್ಳಿ. ರಾತ್ರಿಯ ದರದಲ್ಲಿ, ತೆರಿಗೆ ಸೇರಿ ಅದು 23,625 ರೂಪಾಯಿ, ಕೆಲಸದವರ ಊಟ ಕಳೆದು ಉಳಿದ 25,820ರಲ್ಲಿ ಅದಕ್ಕೆ ಜಾಗ ಇದೆ. ಅದಕ್ಕೂ ಮೇಲೆ ಹೋದರೆ, ಐಸ್‌ಕ್ರೀಮ್ ಬಿಡೋಣವೋ ಎರಡನೆಯ ಸಿಹಿ ಬಿಡೋಣವೋ ಎಂದು ಅವರನ್ನೇ ಕೇಳಿ, ಅವರು ಹೇಳಿದ್ದನ್ನೇ ಮಾಡಿ.